ನೀರಿನ ಮಾತ್ರೆ (ಮೈಯಲ್ಲಿರೋ ಹೆಚ್ಚಿನ ನೀರನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ) ತಗೊಳೋರು ದಿನಾ ತೂಕ ನೋಡ್ಬೇಕು ಅಂತ ನರ್ಸ್ ಹೇಳೋದು ಯಾಕೆ?

ಮೈಯಲ್ಲಿ ನೀರು ತುಂಬ್ತಿದ್ರೆ ಕಾಲು ಊದೋಕೆ ಮುಂಚೆನೇ ತೂಕದಲ್ಲಿ ಗೊತ್ತಾಗುತ್ತೆ, ಅದಕ್ಕೆ. 1 ಲೀಟರ್ ನೀರು ಅಂದ್ರೆ 1 ಕೆಜಿ, ಕೊಬ್ಬು ಎರಡೇ ದಿನಕ್ಕೆ ಅಷ್ಟು ಏರಲ್ಲ. ಹೃದಯ ಸರಿಯಾಗಿ ರಕ್ತ ಪಂಪ್ ಮಾಡದ ಹಾರ್ಟ್ ಫೇಲ್ಯೂರ್‌ಗೆ ಲ್ಯಾಸಿಕ್ಸ್ ತರದ ನೀರಿನ ಮಾತ್ರೆ ತಗೊಳೋರು ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನಾ ಅದೇ ಮಷೀನ್ ಮೇಲೆ ನಿಂತು ನೋಡಿ ಕ್ಯಾಲೆಂಡರ್‌ನಲ್ಲೇ ಬರ್ಕೊಳ್ಳಿ, 2-3 ದಿನದಲ್ಲಿ 2 ಕೆಜಿ ಏರಿದ್ರೆ ಡಾಕ್ಟರ್‌ಗೆ ಫೋನ್ ಮಾಡಿ, ಉಸಿರು ಕಟ್ಟೋ ಹಾಗಾದ್ರೆ ಕಾಯ್ತಾ ಕೂರದೆ ಆಸ್ಪತ್ರೆಗೆ ಹೋಗಿ. ತೂಕ ಇಳೀತಾ ಹೋಗಿ, ಎದ್ದು ನಿಂತಾಗ ತಲೆ ಸುತ್ತಿದ್ರೂ ಹೇಳ್ಬೇಕು, ನೀರು ಜಾಸ್ತಿನೇ ಹೋಗಿರಬಹುದು. ಮಾತ್ರೆ ಮಾತ್ರ ನೀವಾಗೇ ನಿಲ್ಲಿಸ್ಬೇಡಿ.

ಇನ್ನು ಎಳನೀರು. ನೋಡೋಕೆ ಬಂದೋರೆಲ್ಲ ತರ್ತಾರೆ, ಆದ್ರೆ ಸ್ಪೈರೊನೊಲ್ಯಾಕ್ಟೋನ್ ಅನ್ನೋ ಇನ್ನೊಂದು ನೀರಿನ ಮಾತ್ರೆ ಪೊಟ್ಯಾಷಿಯಂ ಅನ್ನೋ ಲವಣಾನ ಮೈಯಲ್ಲೇ ಉಳಿಸುತ್ತೆ, ಎಳನೀರಲ್ಲೂ ಅದೇ ಇರೋದು, ವಿಪರೀತ ಏರಿದ್ರೆ ಎದೆಬಡಿತ ಏರುಪೇರಾಗುತ್ತೆ, ಅದಕ್ಕೇ ಡಾಕ್ಟರ್‌ನ ಕೇಳಿ ಕುಡೀರಿ.