ಗುಣ ಒಂದು ಕಡೆ, ದೋಷ ಒಂದು ಕಡೆ ಎಂದು ಹಂಚಬೇಡಿ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ನೀವು ಕಳಿಸಿದ ‘ತೀವ್ರ ಸ್ತ್ರೀವಾದ: ಶಕ್ತಿ ಮತ್ತು ಮಿತಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನೀವು ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ನನಗಿದೆ. ಅದಕ್ಕೇ ನಾಲ್ಕು ಸಾಲಿನ ವಿಷಾದದ ಉತ್ತರ ಬರೆಯದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಏಳು ಪುಟ ಗುಣಗಳು, ಮುಂದಿನ ಏಳು ಪುಟ ದೋಷಗಳು, ಕೊನೆಗೆ ‘ಒಳ್ಳೆಯದನ್ನು ಉಳಿಸಿಕೊಂಡು ಅತಿರೇಕವನ್ನು ಬಿಡೋಣ’ ಎಂಬ ತೀರ್ಮಾನ. ನಿಮ್ಮ ಲೇಖನದ ಕಟ್ಟು ಇದು. ನನ್ನ ಮುಖ್ಯ ತಕರಾರೂ ಇದರ ಮೇಲೆಯೇ. ತೀವ್ರ ಸ್ತ್ರೀವಾದ, ಅಂದರೆ ರ‍್ಯಾಡಿಕಲ್ ಫೆಮಿನಿಸಂ ಎಂಬ ಈ ಚಿಂತನೆಯ ಗುಣ ಮತ್ತು ದೋಷ ಎರಡೂ ಒಂದೇ ಬೇರಿನಿಂದ ಹೊರಟಿವೆ. ಹೆಂಗಸರೆಲ್ಲ ಸೇರಿ ಒಂದು ವರ್ಗ, ಆ ವರ್ಗದ ಮೇಲಿನ ಗಂಡಾಳಿಕೆಯೇ ಎಲ್ಲ ದಬ್ಬಾಳಿಕೆಗಳಿಗಿಂತ ಹಳೆಯದು ಮತ್ತು ಆಳವಾದದ್ದು ಎಂಬ ಒಂದು ಮಾತು ಅದಕ್ಕೆ ಕಸುವು ಕೊಟ್ಟಿತು. ಅದೇ ಮಾತು ಕೆಲವು ಹೆಂಗಸರನ್ನು ಅದರ ಕಣ್ಣಿನಿಂದ ಮರೆಮಾಡಿತು. ಎರಡನ್ನೂ ಬಿಡಿಸಿ ಎರಡು ರಾಶಿ ಹಾಕಿದರೆ ಓದುಗರಿಗೆ ಪಟ್ಟಿ ಸಿಗುತ್ತದೆ, ವಾದ ಸಿಗುವುದಿಲ್ಲ.

‘ತೀವ್ರ’ ಎಂಬ ಪದದಿಂದಲೇ ನೀವು ದಾರಿ ತಪ್ಪಿದಂತಿದೆ. ರ‍್ಯಾಡಿಕಲ್ ಎಂಬ ಪದದ ಮೂಲ ಲ್ಯಾಟಿನ್ನಿನ ‘ಬೇರು’. ಬೇರಿಗೆ ಹೋಗುವುದು ಅದರ ಅರ್ಥ. ನಮ್ಮಲ್ಲಿ ‘ತೀವ್ರ’, ‘ತೀವ್ರಗಾಮಿ’ ಎಂಬ ಅನುವಾದಗಳು ರೂಢಿಗೆ ಬಂದದ್ದರಿಂದ, ಉದಾರವಾದಿ ಸ್ತ್ರೀವಾದ ಮೆದುವಾಗಿ ಹೇಳಿದ್ದನ್ನು ಇವರು ಕೂಗಿ ಹೇಳಿದರು ಎಂಬ ಭಾವನೆ ಹುಟ್ಟುತ್ತದೆ. ನಿಮ್ಮ ಲೇಖನದಲ್ಲಿ ‘ಅತಿರೇಕ’ ಹನ್ನೊಂದು ಸಲ ಬಂದಿದೆ. ಎಣಿಸಿದೆ. ಉದಾರವಾದಿಗಳು ಇರುವ ಕಾನೂನು, ಶಾಲೆ, ಕಚೇರಿಗಳೊಳಗೆ ಹೆಂಗಸರಿಗೆ ಸಮಪಾಲು ಕೇಳಿದರು. ಇವರು ಆ ಸಂಸ್ಥೆಗಳು ನಿಂತಿರುವ ನೆಲವನ್ನೇ ಪ್ರಶ್ನಿಸಿದರು: ಕುಟುಂಬ, ಲೈಂಗಿಕತೆ, ತಾಯ್ತನ. ಬೇರೆಯಾದದ್ದು ಪ್ರಶ್ನೆ. ದನಿ ಆಮೇಲಿನ ಮಾತು.

ಮೂರನೇ ಪುಟದಲ್ಲಿ ‘ವೈಯಕ್ತಿಕವೂ ರಾಜಕೀಯವೇ’ ಎಂಬ ಪ್ರಸಿದ್ಧ ಮಾತಿಗೆ, ನಮ್ಮ ಉಡುಪು, ಪ್ರೀತಿ, ಮದುವೆಯ ಆಯ್ಕೆಗಳೆಲ್ಲ ರಾಜಕೀಯ ನಿಲುವುಗಳು ಎಂದು ಅರ್ಥ ಹೇಳಿದ್ದೀರಿ. ಇದು ತಿರುವುಮುರುವಾದ ಓದು. ಮುಂದೆ ಆ ಹೆಸರಿನಲ್ಲಿ ಅಚ್ಚಾದ ಟಿಪ್ಪಣಿಯನ್ನು ಅಮೆರಿಕದ ಸ್ತ್ರೀವಾದಿ ಕ್ಯಾರಲ್ ಹ್ಯಾನಿಶ್ 1969ರಲ್ಲಿ ಬರೆದದ್ದು ಒಂದು ಆಕ್ಷೇಪಕ್ಕೆ ಉತ್ತರವಾಗಿ. ಹೆಂಗಸರು ಗುಂಪಾಗಿ ಕೂತು ತಮ್ಮ ಮನೆ, ಹಾಸಿಗೆ, ದುಡಿಮೆಯ ಸಂಗತಿಗಳನ್ನು ಹೇಳಿಕೊಳ್ಳುವುದು ಬರೀ ಮನಶ್ಚಿಕಿತ್ಸೆ, ಅದರಲ್ಲಿ ರಾಜಕೀಯವೇನೂ ಇಲ್ಲ ಎಂದು ಚಳವಳಿಯ ಒಳಗಿನವರೇ ಹೇಳುತ್ತಿದ್ದರು. ನನ್ನೊಬ್ಬಳ ಪಾಡು ಎಂದುಕೊಂಡದ್ದು ಎಲ್ಲರ ಪಾಡೂ ಆಗಿದ್ದರೆ ಅದಕ್ಕೆ ಒಬ್ಬೊಬ್ಬರೇ ಹುಡುಕಿಕೊಳ್ಳುವ ಪರಿಹಾರ ಇರುವುದಿಲ್ಲ, ಕೂಡಿ ಹೋರಾಡುವುದೊಂದೇ ದಾರಿ ಎಂಬುದು ಹ್ಯಾನಿಶ್ ಅವರ ಉತ್ತರದ ಸಾರ. ಆಯ್ಕೆಯ ಮಾತೇ ಅಲ್ಲಿಲ್ಲ. ಆ ಶೀರ್ಷಿಕೆ ತಾವು ಕೊಟ್ಟದ್ದಲ್ಲ, 1970ರಲ್ಲಿ ಅದನ್ನು ಅಚ್ಚು ಹಾಕಿದ ಸಂಪಾದಕಿಯರು ಕೊಟ್ಟಿರಬೇಕು ಎಂದೂ ಅವರು ಮುಂದೆ ಹೇಳಿದ್ದಾರೆ. ಘೋಷಣೆಯನ್ನು ಬಳಸುವ ಮೊದಲು ಅದು ಯಾರಿಗೆ ಕೊಟ್ಟ ಉತ್ತರ ಎಂದು ನೋಡಿ. ಅರ್ಧ ಅರ್ಥ ಅಲ್ಲೇ ಸಿಗುತ್ತದೆ.

ಲೇಖನದ ಗುಣದ ಭಾಗ ನನಗೆ ತೀರ ಸಪ್ಪೆ ಎನಿಸಿತು. ‘ಜಾಗೃತಿ ಮೂಡಿಸಿತು’, ‘ದನಿ ಕೊಟ್ಟಿತು’ ಎಂಬ ಮಾತುಗಳು ಯಾವ ಚಳವಳಿಗೂ ಸಲ್ಲುತ್ತವೆ. ಒಂದು ಗಟ್ಟಿ ಉದಾಹರಣೆ ಹಿಡಿದುಕೊಳ್ಳಿ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಉದ್ಯೋಗದಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸಿತ್ತು. ಆದರೂ ಮೇಲಧಿಕಾರಿ ಮೈಮೇಲೆ ಕೈಹಾಕುತ್ತಾನೆ ಎಂದು ದೂರಿಕೊಂಡು ಹೋದ ಹೆಂಗಸರಿಗೆ, 1975ರಲ್ಲಿ ಅರಿಜೋನಾದ ಒಂದು ಫೆಡರಲ್ ನ್ಯಾಯಾಲಯ ಅದು ಆತನ ವೈಯಕ್ತಿಕ ಚಾಳಿ ಎಂದು ಹೇಳಿ ಕಳಿಸಿತು. ‘ವೈಯಕ್ತಿಕ’ ಎಂಬ ಪದ ಅಲ್ಲಿ ಮಾಡಿದ ಕೆಲಸ ಗಮನಿಸಿ. ಅದು ಬಾಗಿಲಿಗೆ ಹಾಕಿದ ಬೀಗ. ಕಾನೂನು ಚಿಂತಕಿ ಕ್ಯಾಥರೀನ್ ಮ್ಯಾಕಿನನ್ 1979ರ ತಮ್ಮ ಪುಸ್ತಕದಲ್ಲಿ, ಲೈಂಗಿಕ ಕಿರುಕುಳ ಒಬ್ಬ ಗಂಡಸಿನ ಚಪಲ ಆಗಿರದೆ ಹೆಂಗಸರನ್ನು ದುಡಿಮೆಯ ಜಾಗದಲ್ಲಿ ಕೆಳಗಿಡುವ ಏರ್ಪಾಡು, ಆದ್ದರಿಂದ ಅದು ತಾರತಮ್ಯವೇ ಎಂದು ವಾದಿಸಿದರು. 1986ರಲ್ಲಿ ಮಿಶೆಲ್ ವಿನ್ಸನ್ ಎಂಬ ಬ್ಯಾಂಕ್ ಉದ್ಯೋಗಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ದುಡಿಯುವ ವಾತಾವರಣವನ್ನೇ ಹಾಳುಗೆಡಹುವ ಲೈಂಗಿಕ ಕಿರುಕುಳ ಆ ಕಾಯ್ದೆಯಡಿ ತಾರತಮ್ಯ ಎಂದು ಒಪ್ಪಿತು. ವಿನ್ಸನ್ ಪರ ವಕೀಲರಲ್ಲಿ ಮ್ಯಾಕಿನನ್ ಕೂಡ ಇದ್ದರು. ಅದಕ್ಕೂ ಹದಿನೇಳು ವರ್ಷ ಹಿಂದೆ ಹ್ಯಾನಿಶ್ ಬರೆದ ವಾದ ಇಲ್ಲಿ ಕಾನೂನಿನ ಭಾಷೆಗೆ ಇಳಿಯಿತು. ತತ್ವವೊಂದು ಇಷ್ಟು ನೇರವಾಗಿ ಜನರ ದಿನಚರಿಗೆ ತಾಗುವುದು ಅಪರೂಪ, ಇದನ್ನು ಬರೆಯುವಾಗ ಸಂಕೋಚ ಬೇಡ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಮೊಕದ್ದಮೆ ಇಡಿ. ಕಾಯ್ದೆ ಅದೇ. ಒಂದು ಕಾರು ಕಂಪನಿಯಿಂದ ಕೆಲಸ ಕಳೆದುಕೊಂಡ ಐವರು ಕಪ್ಪು ಮಹಿಳೆಯರು ಕೋರ್ಟಿಗೆ ಹೋದರು. ಸೇವಾ ಹಿರಿತನದ ಮೇಲೆ ಜನರನ್ನು ತೆಗೆದದ್ದು ಅವರಿಗೆ ಮುಳುವಾಗಿತ್ತು, ಏಕೆಂದರೆ ಹಿಂದೆ ಅವರಂಥವರನ್ನು ಅಲ್ಲಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಕಂಪನಿ ಹೆಂಗಸರನ್ನು ಮೊದಲಿನಿಂದಲೂ ಸೇರಿಸಿಕೊಂಡಿದೆ, ಹಾಗಾಗಿ ಲಿಂಗ ತಾರತಮ್ಯ ಇಲ್ಲ ಎಂದು 1976ರಲ್ಲಿ ಹೇಳಿತು ಕೋರ್ಟು. ಹಾಗೆ ಸೇರಿಸಿಕೊಂಡ ಹೆಂಗಸರು ಬಿಳಿಯರು. ಜನಾಂಗ ಮತ್ತು ಲಿಂಗ ಎರಡನ್ನೂ ಕೂಡಿಸಿ ದಾವೆ ಹೂಡಲು ಬರುವುದಿಲ್ಲ ಎಂದೂ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ‘ಇಂಟರ್‌ಸೆಕ್ಷನಾಲಿಟಿ’ (ಹಲವು ತಾರತಮ್ಯಗಳು ಒಬ್ಬರ ಮೇಲೇ ಕೂಡಿ ಬೀಳುವುದು) ಎಂಬ ಪದವನ್ನು ಕಟ್ಟುವಾಗ ಎತ್ತಿಕೊಂಡ ಪ್ರಕರಣಗಳಲ್ಲಿ ಇದೂ ಒಂದು. ಆ ತೀರ್ಪು ರ‍್ಯಾಡಿಕಲ್ ಸ್ತ್ರೀವಾದಿಗಳ ತಪ್ಪು ಎಂದು ನಾನು ಹೇಳುತ್ತಿಲ್ಲ, ನೀವೂ ಹೇಳಬೇಡಿ. ಆದರೆ ‘ಹೆಣ್ಣು’ ಎಂಬ ಒಂದೇ ಅಳತೆಗೋಲು ಹಿಡಿದಾಗ ಯಾರು ಅಳತೆಗೇ ಸಿಗದೆ ಹೋಗುತ್ತಾರೆ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಇನ್ನೂ ಒಂದು ಸಂಗತಿ: ವಿನ್ಸನ್ ಕೂಡ ಕಪ್ಪು ಮಹಿಳೆ. ಲೈಂಗಿಕ ಕಿರುಕುಳದ ಆರಂಭದ ದಾವೆಗಳನ್ನು ಹೂಡಿದ ಹಲವರು ಕಪ್ಪು ಮಹಿಳೆಯರೇ. ‘ಎಲ್ಲ ಹೆಂಗಸರ’ ಹೆಸರಿನಲ್ಲಿ ಬಂದ ಗೆಲುವನ್ನು ತಂದುಕೊಟ್ಟವರು ಯಾರು ಎಂಬ ಪ್ರಶ್ನೆಯೇ ನಿಮ್ಮ ಲೇಖನದ ನಡುಗಂಬವಾಗಬಹುದು.

ಈ ಟೀಕೆ ಹೊರಗಿನಿಂದ ಬಂತು ಎಂಬ ಧಾಟಿ ನಿಮ್ಮದು. ಸ್ತ್ರೀವಾದದ ಒಳಗಿನಿಂದಲೇ, ಬೇಗನೇ ಬಂತು. ಬಾಸ್ಟನ್ನಿನ ಕೊಂಬಾಹೀ ರಿವರ್ ಕಲೆಕ್ಟಿವ್‌ನ ಕಪ್ಪು ಸ್ತ್ರೀವಾದಿಗಳು 1977ರ ತಮ್ಮ ಹೇಳಿಕೆಯಲ್ಲಿ ಗಂಡಸರಿಂದ ಪೂರಾ ಬೇರೆಯಾಗುವ ನಿಲುವನ್ನು ತಿರಸ್ಕರಿಸಿದರು. ವರ್ಣಭೇದದ ವಿರುದ್ಧ ಕಪ್ಪು ಗಂಡಸರ ಜೊತೆಗೆ ನಿಂತು ಹೋರಾಡುತ್ತೇವೆ, ಲಿಂಗಭೇದದ ವಿಷಯದಲ್ಲಿ ಅದೇ ಗಂಡಸರ ಎದುರು ನಿಂತು ಹೋರಾಡುತ್ತೇವೆ ಎಂದರು. ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ 1979ರಲ್ಲಿ ರ‍್ಯಾಡಿಕಲ್ ಸ್ತ್ರೀವಾದಿ ಚಿಂತಕಿ ಮೇರಿ ಡೇಲಿಗೆ ಬರೆದ ಪತ್ರವನ್ನು ನೀವು ಓದಲೇಬೇಕು. ಡೇಲಿಯ ಪುಸ್ತಕದಲ್ಲಿ ದೇವತೆಯರೆಲ್ಲ ಬಿಳಿ ಯೂರೋಪಿನವರು, ಆಫ್ರಿಕಾದ ಹೆಂಗಸರು ಕಾಣಿಸಿಕೊಳ್ಳುವುದು ಗಾಯಗೊಂಡವರಾಗಿ ಮಾತ್ರ ಎಂಬುದು ಅವರ ನೋವು. ಗೆಳತಿಗೆ ಬರೆದಂತೆ ಬರೆದಿದ್ದಾರೆ, ಒಂದು ಮಾತನ್ನೂ ಬಿಟ್ಟುಕೊಡದೆ.

ಹನ್ನೊಂದನೇ ಪುಟದ ‘ರ‍್ಯಾಡಿಕಲ್ ಸ್ತ್ರೀವಾದಿಗಳಿಗೆ ದೇಹವೇ ಹಣೆಬರಹ’ ಎಂಬ ವಾಕ್ಯ ನಿಲ್ಲುವುದಿಲ್ಲ. ಯಾರಿಗೆ? ಇಪ್ಪತ್ತೈದನೇ ವಯಸ್ಸಿನಲ್ಲಿ ಪುಸ್ತಕ ಪ್ರಕಟಿಸಿದ ಶುಲಮಿತ್ ಫೈರ್‌ಸ್ಟೋನ್ ಹೆರಿಗೆಯ ಹೊರೆಯೇ ಅಸಮಾನತೆಯ ಬೇರು ಎಂದರು ನಿಜ, ಆದರೆ ಆ ಹೊರೆಯನ್ನು ತಂತ್ರಜ್ಞಾನದಿಂದ ಇಳಿಸಬೇಕು ಎಂದೂ ಅವರೇ ಹೇಳಿದರು. ಏಡ್ರಿಯನ್ ರಿಚ್ 1976ರಲ್ಲಿ ತಾಯ್ತನದ ಅನುಭವವನ್ನೂ ತಾಯ್ತನವೆಂಬ ಸಂಸ್ಥೆಯನ್ನೂ ಬೇರ್ಪಡಿಸಿದರು. ಫ್ರಾನ್ಸಿನ ಕ್ರಿಸ್ಟೀನ್ ಡೆಲ್ಫಿ ದೇಹದ ಮಾತನ್ನೇ ಬದಿಗಿಟ್ಟು, ಮನೆಯೊಳಗಿನ ಸಂಬಳವಿಲ್ಲದ ದುಡಿಮೆಯಲ್ಲಿ ಬೇರು ಹುಡುಕಿದರು. ಗಂಡಸರನ್ನು ದ್ವೇಷಿಸಿದವರು ಎಂದು ನೀವು ಹೆಸರಿಸಿರುವ ಆಂಡ್ರಿಯಾ ಡ್ವಾರ್ಕಿನ್, ಹೆಣ್ಣು ಹುಟ್ಟಿನಿಂದಲೇ ಮೇಲು ಎಂಬ ವಾದವನ್ನು ಜಗತ್ತಿನ ಅತ್ಯಂತ ಅಪಾಯಕಾರಿ ವಿಚಾರಗಳ ಸಾಲಿಗೆ ಸೇರಿಸಿ ಪ್ರಬಂಧವನ್ನೇ ಬರೆದಿದ್ದಾರೆ. ಟ್ರಾನ್ಸ್ ಮಹಿಳೆಯರ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಎತ್ತಿದರೆ ಸರಿಯಾಗಿ ಎತ್ತಿ. ಜಾನಿಸ್ ರೇಮಂಡ್ 1979ರಲ್ಲಿ ಅವರ ವಿರುದ್ಧ ಪುಸ್ತಕವನ್ನೇ ಬರೆದರು, ಮ್ಯಾಕಿನನ್ ಟ್ರಾನ್ಸ್ ಮಹಿಳೆಯರ ಪರವಾಗಿ ಮಾತಾಡಿದರು. ಇಬ್ಬರೂ ಇದೇ ಪರಂಪರೆಯವರು.

ಅಶ್ಲೀಲ ಚಿತ್ರಗಳ ಭಾಗ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಂತಿದೆ. ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ 1983ರಲ್ಲಿ ಡ್ವಾರ್ಕಿನ್ ಮತ್ತು ಮ್ಯಾಕಿನನ್ ಅಶ್ಲೀಲ ಚಿತ್ರಗಳ ವಿರುದ್ಧ ಬರೆದುಕೊಟ್ಟ ಕಾನೂನನ್ನು ಮೇಯರ್ ತಡೆಹಿಡಿದರು ಎಂದು ಹೇಳಿ ಬಿಟ್ಟಿದ್ದೀರಿ. ಮುಂದಿನ ವರ್ಷ ಅದರ ಇನ್ನೊಂದು ರೂಪ ಇಂಡಿಯಾನಾಪೊಲಿಸ್‌ನಲ್ಲಿ ಸಂಪ್ರದಾಯವಾದಿಗಳ ಬೆಂಬಲದಿಂದ ಅಂಗೀಕಾರವಾಯಿತು. 1985ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಗಂಡಾಳಿಕೆಯ ಸಂಸ್ಥೆಗಳನ್ನು ಅಲುಗಾಡಿಸಲು ಹೊರಟವರು ಅದೇ ಪ್ರಭುತ್ವದ ಕೈಗೆ ಕತ್ತರಿ ಕೊಟ್ಟರೆ, ಆ ಕತ್ತರಿ ಯಾರ ಪುಟಗಳನ್ನು ಕತ್ತರಿಸುತ್ತದೆ? ಎಲೆನ್ ವಿಲಿಸ್‌ರಂಥ ಹಳೆಯ ಒಡನಾಡಿಗಳೇ ಕೇಳಿದ ಪ್ರಶ್ನೆ ಇದು. ನನ್ನ ಒಲವು ವಿಲಿಸ್ ಕಡೆಗೆ. ನಿಮ್ಮದು ಡ್ವಾರ್ಕಿನ್ ಕಡೆಗಿದ್ದರೆ ಹಾಗೆಂದು ಬರೆಯಿರಿ, ಖಂಡಿತ ಪ್ರಕಟಿಸುತ್ತೇನೆ. ಎರಡೂ ಕಡೆ ಸತ್ಯವಿದೆ ಎಂದು ಬರೆದು ಜಾರಿಕೊಂಡರೆ ಮಾತ್ರ ಆಗುವುದಿಲ್ಲ.

ಭಾಷೆಯ ಬಗ್ಗೆ ಎರಡೇ ಮಾತು. ‘ಪಿತೃಪ್ರಧಾನ ವ್ಯವಸ್ಥೆಯು ಮಹಿಳೆಯನ್ನು ಶೋಷಿಸುತ್ತದೆ’ ಎಂಬಂಥ ವಾಕ್ಯಗಳಲ್ಲಿ ಕರ್ತೃ ಒಂದು ಮೋಡ. ಯಾರು, ಯಾರಿಗೆ, ಏನು ಮಾಡಿದರು ಎಂದು ಬರೆಯಿರಿ. ಮತ್ತೆ, ‘ಮಹಿಳೆಯು’ ಎಂಬ ಏಕವಚನವನ್ನು ಎಲ್ಲೆಲ್ಲಿ ಬಳಸಿದ್ದೀರೋ ಅಲ್ಲೆಲ್ಲ ‘ಯಾವ ಹೆಂಗಸರು?’ ಎಂದು ಅಂಚಿನಲ್ಲಿ ಗುರುತು ಹಾಕಿದ್ದೇನೆ. ಪ್ರತಿ ಗುರುತಿಗೂ ಉತ್ತರ ಬೇಕು.

ಹೊಸ ಕರಡನ್ನು 1975ರ ಆ ನ್ಯಾಯಾಲಯದಿಂದ ಶುರುಮಾಡಿ. ಪೀಠಿಕೆಯ ಎರಡು ಪುಟ ಬೇಡ. ಎಷ್ಟು ಸಮಯ ಬೇಕೋ ತೆಗೆದುಕೊಳ್ಳಿ. ಗುರುತು ಹಾಕಿದ ಪ್ರತಿಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ.

ವಿಶ್ವಾಸದಿಂದ,
ಸಂಪಾದಕಿ