ಜಾಮಿಟ್ರಿ ಬಾಕ್ಸಿನಲ್ಲಿ ಒರೆಗಾನೊ

(ಹೆಸರು, ಉದ್ಯೋಗ, ಬಡಾವಣೆ ಎಲ್ಲವನ್ನೂ ಬದಲಾಯಿಸಿದ್ದೇನೆ. ಮೊತ್ತಗಳನ್ನೂ ತುಸು ಅತ್ತಿತ್ತ ಮಾಡಿದ್ದೇನೆ.)

ಏಳನೆಯ ತರಗತಿಯ ಮಗಳ ಜಾಮಿಟ್ರಿ ಬಾಕ್ಸಿನಲ್ಲಿ ಸದಾನಂದ ಅವರಿಗೆ ಹನ್ನೊಂದು ಪೊಟ್ಟಣಗಳು ಸಿಕ್ಕವು. ಆರು ಒರೆಗಾನೊ, ಐದು ಒಣಮೆಣಸಿನ ಚೂರು, ಪಿಜ್ಜಾ ಮೇಲೆ ಉದುರಿಸಿಕೊಳ್ಳಲು ಅಂಗಡಿಯವರು ಕೊಡುವಂಥವು. ಮೊದಲಿಗೆ ಖುಷಿಯೇ ಆಯಿತಂತೆ. ಬಿಸಾಡದೆ ತೆಗೆದಿಟ್ಟುಕೊಂಡಿದ್ದಾಳಲ್ಲ, ನನ್ನ ಮಗಳೇ ಸರಿ ಎಂದುಕೊಂಡರಂತೆ. ಆಮೇಲೆ ನೆನಪಾಯಿತು: ಮನೆಮಂದಿ ಪಿಜ್ಜಾ ಅಂಗಡಿಯ ಬಾಗಿಲು ನೋಡಿ ಒಂದು ವರ್ಷವಾಗಿತ್ತು. ಹಾಗೆಂದು ಅವರು ತಿಳಿದಿದ್ದರು.

ಆ ವಾರವೇ ಗಂಡ ಹೆಂಡತಿ ಸಲಹೆ ಕೇಳಲು ನನ್ನ ಮುಂದೆ ಬಂದು ಕುಳಿತರು. ಸದಾನಂದ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ, ವಯಸ್ಸು ನಲವತ್ತಾರು. ವಿನುತಾ ಶಾಲಾ ಶಿಕ್ಷಕಿ. ಇಬ್ಬರ ಸಂಬಳ ಸೇರಿ ತಿಂಗಳಿಗೆ ಒಂದು ಲಕ್ಷದ ಹತ್ತು ಸಾವಿರ ಕೈಗೆ ಬರುತ್ತದೆ, ಮನೆ ಸಾಲದ ಕಂತು ಮೂವತ್ತನಾಲ್ಕು ಸಾವಿರ. "ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ," ಎಂದರು ವಿನುತಾ, "ಇವರು ಹಾಸಿಗೆಯನ್ನೇ ಮಡಚಿ ಬೀರುವಿನಲ್ಲಿಟ್ಟು ನಮ್ಮನ್ನು ನೆಲದ ಮೇಲೆ ಮಲಗಿಸುತ್ತಾರೆ."

ಗುಟ್ಟು ಶುರುವಾದದ್ದು ಮಗಳ ಹುಟ್ಟುಹಬ್ಬದ ಸಂಜೆ. ಮಾಲ್ ಒಂದರಲ್ಲಿರುವ, ಊರೂರಲ್ಲಿ ಶಾಖೆಗಳಿರುವ ಬಫೆ ರೆಸ್ಟೋರೆಂಟಿಗೆ ಮಗಳ ಐವರು ಗೆಳತಿಯರೊಂದಿಗೆ ಹೋಗಿದ್ದರು. ಎಂಟು ಜನ, ತಲೆಗೆ 775 ರೂಪಾಯಿ, ಒಟ್ಟು 6,200. ಬಿಲ್ಲಿನಲ್ಲಿ ಅದರ ಮೇಲೆ ಶೇಕಡಾ 10 ಸೇವಾ ಶುಲ್ಕ 620, ಇವೆರಡಕ್ಕೂ ಸೇರಿ ಶೇಕಡಾ 5 ಜಿಎಸ್‌ಟಿ. ಸದಾನಂದ ಮ್ಯಾನೇಜರನ್ನು ಕರೆಸಿದರು. ಇಪ್ಪತ್ತು ನಿಮಿಷ ವಾದ. ಹುಡುಗಿಯರು ಐಸ್ಕ್ರೀಮ್ ಬಟ್ಟಲು ಹಿಡಿದು ನೋಡುತ್ತ ನಿಂತಿದ್ದರು. ಕೊನೆಗೆ 620 ರೂಪಾಯಿ ತೆಗೆಸಿ, ಗೆದ್ದು ಬಂದರು.

ಕಾನೂನು ಅವರ ಪರವಾಗಿಯೇ ಇತ್ತು. ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ, ಕೊಡುವುದು ಬಿಡುವುದು ಗ್ರಾಹಕನ ಇಷ್ಟ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇಷ್ಟನ್ನೂ ಸದಾನಂದ ನನಗೆ ದಿನಾಂಕ ಸಮೇತ ಹೇಳಿದರು. ಮಗಳು ಅಂದು ಮನೆಗೆ ಬಂದು ಅತ್ತಳೆಂಬುದನ್ನು ಮಾತ್ರ ವಿನುತಾ ಹೇಳಬೇಕಾಯಿತು. ಅಲ್ಲಿಂದ ಮುಂದೆ ತಾಯಿ ಮಗಳು ತಿಂಗಳಿಗೆರಡು ಬಾರಿ, ಟ್ಯೂಷನ್ ಮುಗಿಸಿ ಬರುವ ದಾರಿಯಲ್ಲಿ, ಇಬ್ಬರೇ ತಿಂದು ಬರತೊಡಗಿದರು. "ಅಪ್ಪನಿಗೆ ಹೇಳಬೇಡ."

ಊಟದ ಖರ್ಚು ಈ ಸಂಸಾರವನ್ನು ಮುಳುಗಿಸುವಷ್ಟಿರಲಿಲ್ಲ. ಆದರೆ ಗುಟ್ಟು ಬೇರೆಯೇ ದಾರಿ ಹಿಡಿದಿತ್ತು. ಜಂಟಿ ಖಾತೆಯಿಂದ ಕೊಟ್ಟರೆ ಗಂಡನ ಮೊಬೈಲಿಗೆ ಸಂದೇಶ ಹೋಗುತ್ತದೆಂದು ವಿನುತಾ ಕ್ರೆಡಿಟ್ ಕಾರ್ಡ್ ಮಾಡಿಸಿಕೊಂಡಿದ್ದರು. ಊಟದ ಜೊತೆಗೆ ಇನ್ನೆರಡು ಸಣ್ಣಪುಟ್ಟ ಖರ್ಚುಗಳೂ ಅದರ ಮೇಲೆ ಬಿದ್ದವು. ಪ್ರತಿ ತಿಂಗಳೂ ಕಟ್ಟಿದ್ದು ಕನಿಷ್ಠ ಮೊತ್ತ ಮಾತ್ರ. ನಾನು ಕೇಳುವ ಹೊತ್ತಿಗೆ ಬಾಕಿ 38,000. ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಡ್ಡಿ 1,330, ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು ಸುಮಾರು 1,570 ರೂಪಾಯಿ. ಹಳೆಯ ಬಾಕಿ ಉಳಿದಿರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಗಡುವು ಸಿಗುವುದಿಲ್ಲವಾದ್ದರಿಂದ ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರು ಓಡುತ್ತದೆ. ತಾಯಿ ಮಗಳು ಎರಡು ಬಾರಿ ತಿಂದರೆ ಬ್ಯಾಂಕು ಅವರ ಪಕ್ಕದಲ್ಲೇ ಕುಳಿತು ಮೂರನೆಯ ಊಟ ಮಾಡುತ್ತಿತ್ತು. ಅದೇ ಹೊತ್ತಿಗೆ ಸದಾನಂದರ ಹೆಸರಿನಲ್ಲಿ ಶೇಕಡಾ ಏಳರ ಬಡ್ಡಿಗೆ ಅರವತ್ತು ಸಾವಿರದ ಠೇವಣಿ ಇತ್ತು.

ಎರಡನೆಯ ಭೇಟಿಯಲ್ಲಿ ಸದಾನಂದರನ್ನು ಒಬ್ಬರನ್ನೇ ಕರೆದೆ. ಅವರ ತಂದೆ ತಾಲ್ಲೂಕು ಕೇಂದ್ರದ ಉಡುಪಿ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಮೈದಾ, ಬೆಣ್ಣೆ, ಎಣ್ಣೆಯ ಧಾರಣೆ ಇವರಿಗೆ ಬಾಯಿಪಾಠ. ನಾನೂರು ರೂಪಾಯಿಯ ಪಿಜ್ಜಾ ಎದುರಿಗೆ ಬಂದರೆ ಅವರ ಕಣ್ಣಿಗೆ ಕಾಣುವುದು ಅರವತ್ತು ರೂಪಾಯಿಯ ಸಾಮಾನು. ಎಸ್‌ಎಸ್‌ಎಲ್‌ಸಿ ಪಾಸಾದ ದಿನ ತಂದೆ ಮೊದಲ ಬಾರಿಗೆ ಅದೇ ಹೋಟೆಲಿನಲ್ಲಿ ಗಿರಾಕಿಯಾಗಿ ಕುಳಿತು ಮಗನಿಗೆ ಮಸಾಲೆದೋಸೆ ಕೊಡಿಸಿದರಂತೆ. ನಾನು ಜಾಣತನ ತೋರಿಸಲು ಹೋಗಿ ಕೇಳಿದೆ: "ಅಂದು ಅವರು ದೋಸೆಯ ಬೆಲೆ ಹೇಳಿದರೇ?" ಇಲ್ಲ ಎನ್ನುತ್ತಾರೆ, ಅದನ್ನೇ ಹಿಡಿದು ಮುಂದಿನ ಮಾತು ಪೋಣಿಸಬಹುದು ಎಂದುಕೊಂಡಿದ್ದೆ.

"ಹೇಳಿದರು," ಎಂದರು ಸದಾನಂದ. "ಆರು ರೂಪಾಯಿಯ ದೋಸೆ, ನಿಧಾನವಾಗಿ ತಿನ್ನು ಎಂದರು."

ನನಗೆ ಮಾತು ತಪ್ಪಿಹೋಯಿತು. ಅವರಿಗೂ. ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ನಾನು ಬೆಲೆ ಹೇಳಿದರೆ ನನ್ನ ಮಗಳು ತಟ್ಟೆ ದೂರ ಸರಿಸುತ್ತಾಳೆ."

ಅಲ್ಲಿಂದ ಸಲಹೆ ಸುಲಭವಾಯಿತು. ಅವರ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ ಎಂದು ತೋರಿಸಿದೆ. ಮಾಲಿನ ಬಾಡಿಗೆ, ವಿದ್ಯುತ್ತು, ಬ್ರ್ಯಾಂಡಿಗೆ ಕಟ್ಟುವ ರಾಯಧನ ಎಲ್ಲವೂ ಆ ನಾನೂರರಲ್ಲಿದೆ. 2017ರ ನವೆಂಬರ್‌ನಲ್ಲಿ ರೆಸ್ಟೋರೆಂಟುಗಳ ಜಿಎಸ್‌ಟಿಯನ್ನು ಶೇಕಡಾ 5ಕ್ಕೆ ಇಳಿಸಿದಾಗ, ಅಂಗಡಿಯವರು ಬಾಡಿಗೆಗೂ ಸಾಮಾನಿಗೂ ಕಟ್ಟಿದ ತೆರಿಗೆಯನ್ನು ಮರಳಿ ಪಡೆಯುವ ಸೌಲಭ್ಯವನ್ನು ತೆಗೆದುಹಾಕಲಾಯಿತು. ಅದೂ ಬೆಲೆಯೊಳಗೇ ಅಡಗಿರುತ್ತದೆ. ಟೇಬಲ್ಲಿಗೆ ತಂದಿಡುವ ಹುಡುಗನ ಸಂಬಳವೂ ಅಲ್ಲೇ ಇದೆ. ಸಪ್ಲೈಯರನ ಮಗನಿಗೆ ಇದನ್ನು ನಾನು ಹೇಳಬೇಕೇ ಎಂದು ಕೇಳಿದ್ದಕ್ಕೆ ನಕ್ಕರು. ಬೆಲೆ ಹೆಚ್ಚು ಎಂಬುದರಲ್ಲಿ ಅವರು ತಪ್ಪಿಲ್ಲ, ಅದನ್ನೂ ಹೇಳಿದೆ. ಒಂದೇ ಕಾಫಿಯನ್ನು ಬೈ-ಟು ಮಾಡಿಸಿ ದರ್ಶಿನಿಯ ಕಟ್ಟೆಗೆ ಒರಗಿ ಕುಡಿಯುವವಳು ನಾನು.

ಮೂರನೆಯ ಭೇಟಿಗೆ ಇಬ್ಬರೂ ಬಂದರು. ಠೇವಣಿ ಮುರಿದು ಕಾರ್ಡಿನ ಬಾಕಿ ತೀರಿಸುವುದು ಮೊದಲ ಕೆಲಸವೆಂದೆ; ವರ್ಷಕ್ಕೆ ಶೇಕಡಾ ನಲವತ್ತೆರಡು ಕೊಟ್ಟು ಏಳು ಗಳಿಸುವುದು ಯಾವ ಲೆಕ್ಕವೆಂದು ಸದಾನಂದರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ವಿನುತಾ ಅವರಿಗೆ ಹೇಳಿದ್ದು ಸ್ವಲ್ಪ ಕಟುವಾಗಿಯೇ ಇತ್ತು. ಗಂಡನೊಡನೆ ಜಗಳವಾಡಿ, ಬೇಕಾದರೆ ದಿನವೂ ಆಡಿ. ಹನ್ನೆರಡರ ಹುಡುಗಿಯ ಬಾಯಿಗೆ ಬೀಗ ಹಾಕಬೇಡಿ. ಅವಳಿಗೆ ಪಿಜ್ಜಾದ ಜೊತೆಗೆ ಅಪ್ಪನಿಗೆ ಸುಳ್ಳು ಹೇಳುವುದೂ ರೂಢಿಯಾಗುತ್ತಿದೆ. ಅವರು ಅತ್ತರು, ನಾನು ತಡೆಯಲಿಲ್ಲ.

ಹೊರಗಿನ ಊಟಕ್ಕೆ ತಿಂಗಳಿಗೆ 2,500 ರೂಪಾಯಿ ಗೊತ್ತುಮಾಡಿ, ಅದರ ಯಜಮಾನಿಕೆ ಮಗಳಿಗೆ ಕೊಡಿ ಎಂದೆ. ಎಲ್ಲಿಗೆ, ಏನು, ಯಾರೊಂದಿಗೆ ಎಂಬುದು ಅವಳ ತೀರ್ಮಾನ. ಉಳಿದದ್ದು ಮುಂದಿನ ತಿಂಗಳಿಗೆ. ಸೇವಾ ಶುಲ್ಕ ಹಾಕುತ್ತೀರಾ ಎಂದು ಸದಾನಂದ ಕುರ್ಚಿ ಎಳೆಯುವ ಮೊದಲೇ ಬಾಗಿಲಲ್ಲಿ ಕೇಳಲಿ, ಹಾಕುವುದಾದರೆ ಬೇರೆ ಕಡೆ ಹೋಗಲಿ. ತಟ್ಟೆ ಎದುರಿಗಿರುವಾಗ ಬೆಲೆಯ ಮಾತು ಬೇಡ. ಹೇಳಲೇಬೇಕೆನಿಸಿದರೆ ಮರುದಿನ ಬೆಳಿಗ್ಗೆ ಹೇಳಲಿ.

ಮೊದಲ ತಿಂಗಳು ಮಗಳು ಪೂರ್ತಿ ಹಣವನ್ನು ಒಂದೇ ಸಂಜೆ ಮುಗಿಸಿದಳು. ಎರಡನೆಯ ತಿಂಗಳು, ತಂಪುಪಾನೀಯ ಸೇರಿದ ಕಾಂಬೊ ಬೇಡ, ನೀರಿನ ಬಾಟಲಿ ಮನೆಯಿಂದ ತಂದಿದ್ದೇನೆ ಎಂದಳಂತೆ. ಮೂರನೆಯ ತಿಂಗಳು ಮತ್ತೆ ದುಂದು. ವಿನುತಾ ಕಾರ್ಡನ್ನು ಕತ್ತರಿಸಿ ಹಾಕಿದ್ದಾರೆ, ಆದರೆ ಗಂಡನ ಮೇಲಿನ ಮುನಿಸು ಪೂರ್ತಿ ಇಳಿದಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇವೆ, ಭೇಟಿಗಳು ಮುಂದುವರಿದಿವೆ.

ಮೊನ್ನೆ ರಾತ್ರಿ ಹತ್ತೂವರೆಗೆ ಸದಾನಂದ ಫೋನ್ ಮಾಡಿದ್ದರು. ಮೂವರೂ ಹೊರಗೆ ಊಟ ಮುಗಿಸಿ ಬಂದಿದ್ದರು. ದನಿ ತಗ್ಗಿಸಿ ಕೇಳಿದರು: "ಮರುದಿನ ಬೆಳಿಗ್ಗೆ ಎಂದರೆ ಎಷ್ಟು ಗಂಟೆಯಿಂದ, ಮೇಡಂ?"