ಪೋಂಡಾ ತೋಟಕ್ಕೆ ಯಾವ ಟರ್ಕಿ?

ಗೋವಾದ ಪೋಂಡಾ ಹತ್ತಿರದ ತೋಟದಲ್ಲಿ 10 ಟರ್ಕಿ ಕೋಳಿ ಸಾಕಿ, ಕ್ರಿಸ್‌ಮಸ್‌ಗೆ ಕೆಲವನ್ನು ಮಾರಿ, ಉಳಿದವುಗಳಿಂದ ಮರಿ ಮಾಡಿಸಬೇಕು, ಯಾವ ತಳಿ ತರಲಿ ಅಂತ ಕೇಳಿದ್ದೀರಿ. ಮರಿ ಬೇಕು ಅನ್ನೋದರಲ್ಲೇ ಉತ್ತರ ಇದೆ ನೋಡ್ರಿ.

ಬ್ರಾಡ್ ಬ್ರೆಸ್ಟೆಡ್ ವೈಟ್ ತಳಿಯ ಗಂಡು 15 ಕೆಜಿ ದಾಟುತ್ತದೆ, ಮಾಂಸಕ್ಕೆ ಅದೇ ರಾಜ. ಆದರೆ ಎದೆ ಎಷ್ಟು ದಪ್ಪ ಅಂದ್ರೆ ತಾನಾಗಿ ಕೂಡೋಕೇ ಆಗಲ್ಲ, ಕೃತಕ ಗರ್ಭಧಾರಣೆಯೇ ಗತಿ. ತೋಟದಲ್ಲಿ ಅದನ್ನು ಯಾರು ಮಾಡ್ತಾರೆ? ಅಗಲ ಎದೆಯ ಬ್ರಾಂಜ್ ತಳಿಯದೂ ಇದೇ ಕಥೆ. ಮೇಲಾಗಿ ಪುಕ್ಕ ಕಿತ್ತ ಮೇಲೆ ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿಯುತ್ತವೆ, ಗಿರಾಕಿ ಮೂಗು ಮುರೀತಾರೆ.

ನಿಮಗೆ ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್ ಸರಿ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಸಣ್ಣ ಕುಟುಂಬಕ್ಕೆಂದೇ ಬೆಳೆಸಿದ ತಳಿ. ಎಳೆ ಗಂಡು 7–8 ಕೆಜಿ, ಹೆಣ್ಣು 4–5. ತಾವೇ ಕೂಡುತ್ತವೆ, ಮೊಟ್ಟೆ ಒಡೆಯಲು 28 ದಿನ. ಮನೆ ಓವನ್ನಿಗೂ ಹಿಡಿಸುತ್ತದೆ.

ನಾಟಿ ಕೋಳಿ ಇದ್ದರೆ ಜೊತೆಗೆ ಬಿಡಲೇಬೇಡಿ, ಅವುಗಳಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ಅನ್ನೋ, ಕರುಳು–ಯಕೃತ್ತು ಕೆಡಿಸುವ ರೋಗ ಹತ್ತುತ್ತದೆ. ಮಳೆಗಾಲದಲ್ಲಿ ಮರಿ ನೆನೆಯಬಾರದು.

ಅಂದ ಹಾಗೆ, ಗೋವಾದಲ್ಲಿ ‘ಪೆರು’ ಅಂದ್ರೆ ಟರ್ಕಿ, ಪೋರ್ಚುಗೀಸ್ ಮಾತು. ಮರಾಠಿಯವರಿಗೆ ಹೇಳಿದರೆ ಪೇರಲಹಣ್ಣು ತಂದುಕೊಟ್ಟಾರು!